ಹಳೇ ಲ್ಯಾಪ್‌ಟಾಪ್, ನಾಲ್ಕು ಸಾವಿರ ಪುಸ್ತಕ: ಮೂರು ಡೇಟಾಬೇಸ್ ಹಾಕಿ ನೋಡಿದೆ

ನಮ್ಮೂರ ಲೈಬ್ರರಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಸಾವಿರ ಪುಸ್ತಕಗಳಿವೆ. ಲೆಕ್ಕವೆಲ್ಲ ಒಂದು ದಪ್ಪ ರಿಜಿಸ್ಟರಿನಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿಕೊಡಿ ಅಂತ ಅಲ್ಲಿನ ಮೇಡಂ ಕೇಳಿದರು. ಇದ್ದದ್ದು ಯಾರೋ ಕೊಟ್ಟ ಲ್ಯಾಪ್‌ಟಾಪ್. 2 ಜಿಬಿ ರ‍್ಯಾಮ್, ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಅದೂ ಹೋಯಿತು. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿ, ಮರಿಯಾಡಿಬಿ, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಅನ್ನುವ ಮೂರು ಡೇಟಾಬೇಸ್‌ಗಳನ್ನೂ ಒಂದೊಂದು ವಾರ ಬಳಸಿ ನೋಡಿದೆ. ಮೂರೂ ಪುಕ್ಕಟೆ, ಮೂರೂ ಡೆಬಿಯನ್ ಜೊತೆಗೇ ಸಿಗುತ್ತವೆ.

ಮರಿಯಾಡಿಬಿ ಮೊದಲು ಹಾಕಿದೆ, ಯಾಕಂದ್ರೆ ಅದು ನನಗೆ ರೂಢಿ. ಒರಾಕಲ್ ಕಂಪನಿಯ ಕೈಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಹೋಗುತ್ತದೆ ಅನ್ನುವಾಗ, 2009ರಲ್ಲಿ, ಅದನ್ನು ಕಟ್ಟಿದವರೇ ಕವಲು ತೆಗೆದು ಬೆಳೆಸಿದ್ದು ಇದು. ಕನ್ನಡ ಅಕ್ಷರಕ್ಕೆ ಏನೂ ತೊಂದರೆಯಾಗಲಿಲ್ಲ. ಆದರೆ ಒಂದೇ ಮೇಜು, ಒಬ್ಬರೇ ಬರೆಯುವವರು. ಅಷ್ಟಕ್ಕೆ ಹಗಲೆಲ್ಲ ಹಿನ್ನೆಲೆಯಲ್ಲಿ ಒಂದು ಸರ್ವರ್ ಪ್ರೋಗ್ರಾಂ ಓಡುತ್ತಾ ಇರಬೇಕಾ? ಮೂಲ ಸೆಟ್ಟಿಂಗ್‌ನಲ್ಲೇ ಬಫರ್‌ಗೆ, ಅಂದ್ರೆ ಡೇಟಾ ಹಿಡಿದಿಡುವ ಮೆಮೊರಿಗೆ, 128 ಎಂಬಿ ಅಂತ ಇರುತ್ತದೆ. ಕಡಿಮೆ ಮಾಡಬಹುದು, ಮಾಡಿಯೂ ನೋಡಿದೆ. ಆದರೂ ನಾನಿಲ್ಲದ ದಿನ ಸರ್ವರ್ ಏಳಲಿಲ್ಲ ಅಂದ್ರೆ ಮೇಡಂ ಏನು ಮಾಡಬೇಕು? ವಾರ ಮುಗಿಯುತ್ತಿದ್ದಂತೆ ತೆಗೆದುಬಿಟ್ಟೆ.

ಪೋಸ್ಟ್‌ಗ್ರೆಸ್ ಮೇಲೆ ನನಗೆ ತುಂಬಾ ಗೌರವ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಕೆಲಸ. ಬೆಲೆಯ ಜಾಗದಲ್ಲಿ ಅಕ್ಷರ ಬರೆದರೆ ತಗೊಳ್ಳುವುದೇ ಇಲ್ಲ. ಶುರುವಿನಲ್ಲಿ ಮಾತ್ರ 'ಪೀರ್ ಅಥೆಂಟಿಕೇಶನ್ ಫೇಲ್ಡ್' (ಕಂಪ್ಯೂಟರಿನ ಬಳಕೆದಾರರ ಹೆಸರೂ ಡೇಟಾಬೇಸ್ ಖಾತೆಯ ಹೆಸರೂ ಹೊಂದುತ್ತಿಲ್ಲ) ಅಂತ ಬಾಗಿಲಲ್ಲೇ ನಿಲ್ಲಿಸಿತು. ಪೋಸ್ಟ್‌ಗ್ರೆಸ್ ಅನ್ನುವ ಬಳಕೆದಾರರ ಹೆಸರಲ್ಲಿ ಒಳಗೆ ಹೋಗಿ ನಮ್ಮ ಖಾತೆ ಮಾಡಿಕೊಂಡರೆ ಸರಿಹೋಗುತ್ತದೆ. ಇನ್ನೊಂದು ಕಷ್ಟ ಅಪ್‌ಗ್ರೇಡ್. ಡೆಬಿಯನ್ 11ರಲ್ಲಿ ಇದ್ದದ್ದು ಪೋಸ್ಟ್‌ಗ್ರೆಸ್ 13, ಡೆಬಿಯನ್ 12ಕ್ಕೆ ಬಂದರೆ 15. ಡೇಟಾ ತಾನಾಗಿ ಹೊಸದಕ್ಕೆ ಬರುವುದಿಲ್ಲ, ನಾವೇ ಕಮಾಂಡ್ ಕೊಟ್ಟು ಸಾಗಿಸಬೇಕು.

ಎಸ್‌ಕ್ಯೂಲೈಟ್‌ನಲ್ಲಿ ಸರ್ವರೇ ಇಲ್ಲ. ಇಡೀ ಡೇಟಾಬೇಸ್ ಒಂದು ಫೈಲ್. 2000ದಲ್ಲಿ ರಿಚರ್ಡ್ ಹಿಪ್ ಶುರುಮಾಡಿದ್ದು, ಪಬ್ಲಿಕ್ ಡೊಮೈನ್‌ನಲ್ಲಿದೆ, ಅಂದ್ರೆ ಯಾರ ಹಕ್ಕಿನ ಹಂಗೂ ಇಲ್ಲ. ಎಂಟ್ರಿ ಮಾಡುತ್ತಿರುವಾಗಲೇ ಬೇಕಂತ ಪ್ಲಗ್ ಕಿತ್ತು ನೋಡಿದೆ. ಅರ್ಧ ಬರೆದದ್ದು ಹೋಯಿತು, ಅದಕ್ಕೆ ಮುಂಚಿನದೆಲ್ಲ ಹಾಗೇ ಇತ್ತು.

ಆದರೆ ಇದು ಸಡಿಲ ಸ್ವಭಾವದ್ದು. ಬೆಲೆಯ ಕಾಲಮ್ಮಿನಲ್ಲಿ 'ಇನ್ನೂರು' ಅಂತ ಬರೆದರೂ ಸುಮ್ನೆ ತಗೊಂಡಿತು. ಇದನ್ನು ತಡೆಯಲು ಟೇಬಲ್ ಮಾಡುವಾಗಲೇ ಕೊನೆಯಲ್ಲಿ 'ಸ್ಟ್ರಿಕ್ಟ್' ಅಂತ ಸೇರಿಸಬೇಕು. 2021ರ ಕೊನೆಗೆ ಬಂದ 3.37 ಆವೃತ್ತಿಯಿಂದ ಇದು ಸಾಧ್ಯ. ಫಾರಿನ್ ಕೀ ತಪಾಸಣೆಯೂ (ಒಂದು ಟೇಬಲ್ಲಿನ ಎಂಟ್ರಿ ಇನ್ನೊಂದರಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ನೋಡುವುದು) ಮೊದಲಿಗೆ ಆಫ್ ಇರುತ್ತದೆ. ಪುಸ್ತಕ ವಾಪಸ್ ಕೊಡದ ಸದಸ್ಯರ ಹೆಸರನ್ನೇ ಅಳಿಸಿದರೂ ಕೇಳುವವರಿಲ್ಲ. ಕನೆಕ್ಷನ್ ತೆರೆದಾಗಲೆಲ್ಲ ಪ್ರಾಗ್ಮಾ ಅನ್ನುವ ಸೆಟ್ಟಿಂಗ್ ಸಾಲು ಕೊಟ್ಟು ಆನ್ ಮಾಡಬೇಕು.

ಬ್ಯಾಕಪ್‌ನಲ್ಲಿ ನನಗೊಂದು ಪೆಟ್ಟು ಬಿತ್ತು. ಒಂದೇ ಫೈಲ್ ಅಲ್ವಾ ಅಂತ, ಪ್ರೋಗ್ರಾಂ ತೆರೆದಿರುವಾಗಲೇ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡೆ. ಮನೆಗೆ ಬಂದು ತೆರೆದರೆ ಅವತ್ತಿನ ಎಂಟ್ರಿಗಳೇ ಇಲ್ಲ. ನಾನು ವಾಲ್ ಮೋಡ್ ಹಾಕಿದ್ದೆ, ಅದರಲ್ಲಿ ಬದಲಾವಣೆಗಳು ಮೊದಲು ಬೇರೆ ಫೈಲಿಗೆ ಹೋಗುತ್ತವೆ. ಹೊಸ ಎಂಟ್ರಿಗಳೆಲ್ಲ ಪಕ್ಕದ ವಾಲ್ ಫೈಲಿನಲ್ಲಿದ್ದವು, ಅದನ್ನು ನಾನು ತಂದೇ ಇರಲಿಲ್ಲ. ಈಗ 'ಬ್ಯಾಕಪ್' ಕಮಾಂಡ್ ಕೊಟ್ಟೇ ಪ್ರತಿ ತೆಗೆಯುತ್ತೇನೆ.

ಇಷ್ಟರಲ್ಲಿ ಒಂದು ಪಟ್ಟಿ ಪ್ರಿಂಟ್ ತೆಗೆದು ಮೇಡಂ ಕೈಗೆ ಕೊಟ್ಟೆ. ಎರಡು ಪುಟ ತಿರುವಿ ಬೆರಳಿಟ್ಟು ಕೇಳಿದರು: "ಸರ್, 'ಕವನ' ಆದ್ಮೇಲೆ ಅಲ್ವಾ 'ಕಳಸ' ಬರಬೇಕು?"

ಹೌದಲ್ಲ! ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದನ್ನು ಲ ಪಕ್ಕದಲ್ಲೇ ಕೂರಿಸಿದ್ದಾರೆ, ವ ಬರುವುದಕ್ಕೂ ಮುಂಚೆ. ಎಸ್‌ಕ್ಯೂಲೈಟ್ ಆ ಸಂಖ್ಯೆ ನೋಡಿ ಜೋಡಿಸುತ್ತದೆ. ಹಾಗಾಗಿ 'ಬಸವ'ನಿಗಿಂತ ಮೊದಲು 'ಬಳ್ಳಾರಿ' ಬಂದು ಕೂತಿತ್ತು. ಪಟ್ಟಿ ನೋಡಿ ಪುಸ್ತಕ ಹುಡುಕುವವರಿಗೆ ಇದು ಸಣ್ಣ ತಪ್ಪಲ್ಲ.

ಪೋಸ್ಟ್‌ಗ್ರೆಸ್ ಇಲ್ಲಿ ನಿಜವಾಗಿ ಗೆದ್ದಿತು. 2017ರ 10ನೇ ಆವೃತ್ತಿಯಿಂದ ಅದರಲ್ಲಿ ಐಸಿಯು ಕೊಲೇಶನ್, ಅಂದ್ರೆ ಆಯಾ ಭಾಷೆಯ ಅಕ್ಷರಕ್ರಮದಂತೆ ಜೋಡಿಸುವ ವ್ಯವಸ್ಥೆ, ಇದೆ. ಕನ್ನಡದ್ದನ್ನು ಹೆಸರಿಸಿದರೆ ಸಾಕು, 'ಕಳಸ' ತನ್ನ ಜಾಗಕ್ಕೆ ಹೋಗುತ್ತದೆ. ಎಸ್‌ಕ್ಯೂಲೈಟ್‌ಗೂ ಐಸಿಯು ಎಕ್ಸ್‌ಟೆನ್ಶನ್ ಇದೆ, ಆದರೆ ಬೇರೆಯಾಗಿ ಸೇರಿಸಬೇಕು.

ಒಂದು ರಾತ್ರಿ ಕೂತು ಸುಲಭದ ದಾರಿ ಕಂಡುಕೊಂಡೆ. ಕನ್ನಡದ ಯುನಿಕೋಡ್ ಪಟ್ಟಿಯಲ್ಲಿ ಹ ಪಕ್ಕದ ಮನೆ, ಅಂದ್ರೆ 3258ನೇ ಸಂಖ್ಯೆ, ಖಾಲಿ ಇದೆ. ಕಾಗುಣಿತದ ಚಿಹ್ನೆಗಳು ಶುರುವಾಗುವುದು ಅದರಾಚೆ. ಪಟ್ಟಿ ಜೋಡಿಸುವ 'ಆರ್ಡರ್ ಬೈ' ಸಾಲಿನಲ್ಲಿ 'ರಿಪ್ಲೇಸ್' ಬಳಸಿ ಳ ಬದಲು ಆ ಸಂಖ್ಯೆಯ ಕ್ಯಾರೆಕ್ಟರ್ ಕೊಟ್ಟೆ. ಡೇಟಾ ಮುಟ್ಟಲಿಲ್ಲ, ಜೋಡಿಸುವಾಗ ಮಾತ್ರ ಈ ಬದಲಾವಣೆ. 'ಕವನ', 'ಕಳಸ', ಆಮೇಲೆ 'ಕಾಗೆ'. ಎಲ್ಲ ಸಾಲಾಗಿ ಬಂದವು. ಅವತ್ತು ಆದ ಖುಷಿ ಹೇಳತೀರದು. ನಾಲ್ಕು ಸಾವಿರ ಪುಸ್ತಕಕ್ಕೆ ಇದು ಧಾರಾಳ ಸಾಕು. ಲಕ್ಷಗಟ್ಟಲೆ ಇದ್ದರೆ ನಾನು ಪೋಸ್ಟ್‌ಗ್ರೆಸ್ ಅನ್ನೇ ಹಿಡಿಯುತ್ತಿದ್ದೆ.

ಈಗ ಲೈಬ್ರರಿಯಲ್ಲಿ ಎಸ್‌ಕ್ಯೂಲೈಟ್ ಓಡುತ್ತಿದೆ. ಮಕ್ಕಳ ವಿಭಾಗಕ್ಕೆ ಇನ್ನೊಂದು ಕಂಪ್ಯೂಟರ್ ಬರುವ ಮಾತಿದೆ. ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟ ಎಸ್‌ಕ್ಯೂಲೈಟ್ ಫೈಲಿಗೆ ಎರಡು ಕಡೆಯಿಂದ ಬರೆಯುವುದು ಅಪಾಯ, ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಫೈಲ್ ಲಾಕ್ ಅಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. ಆ ದಿನ ಬಂದರೆ ಪೋಸ್ಟ್‌ಗ್ರೆಸ್‌ಗೆ ಹೋಗುತ್ತೇವೆ. ಟೇಬಲ್‌ಗಳೆಲ್ಲ ಸ್ಟ್ರಿಕ್ಟ್ ಆಗಿಯೇ ಇರುವುದರಿಂದ ಸಾಗಿಸುವಾಗ 'ಇನ್ನೂರು' ಅಂತ ಬರೆದ ಬೆಲೆ ಹುಡುಕುತ್ತಾ ಕೂರಬೇಕಾಗಿಲ್ಲ.