ನಾಲ್ಕು ಫಾಂಟು, ಒಂದೇ ಪುಟ, ಮುತ್ಯಾನ ಕಣ್ಣು

ನಮ್ಮ ಮುತ್ಯಾ (ಅಜ್ಜ) ತನ್ನ ಮಾಸ್ತರಿಕೆಯ ನೆನಪುಗಳನ್ನು ಮೂರು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ. ಮನೆಮಂದಿಗೆ ಅಂತ ನೂರು ಪ್ರತಿ ಮಾಡಿಸೋಣ ಎಂದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ. ಮೊದಲ ಪ್ರೂಫ್ ಕೈಗಿಟ್ಟಾಗ ಮುತ್ಯಾ ಹೇಳಿದ್ದು ಒಂದೇ ಮಾತು: "ಏನಪಾ ಇದು, ಇರುವಿ ಹರದಂಗ ಕಾಣ್ತದ." ಸಿಟ್ಟು ಬಂತು. ಆಮೇಲೆ ನಾನೇ ಎರಡು ಪುಟ ಓದಿ ನೋಡಿದೆ, ಮಾತು ನಿಜ.

ಅದಕ್ಕೇ ಒಂದೇ ಪುಟವನ್ನು ನಾಲ್ಕು ಫಾಂಟಿನಲ್ಲಿ, ಎಲ್ಲವೂ 12 ಪಾಯಿಂಟ್, ಎ5 ಹಾಳೆಗೆ ಪ್ರಿಂಟ್ ತೆಗೆದೆ. ಮುತ್ಯಾ, ಆಯಿ, ಕಾಕಾ ಮೂವರಿಗೂ ಸಂಜೆ ಟ್ಯೂಬ್‌ಲೈಟ್ ಕೆಳಗೆ ಕೂರಿಸಿ ಓದಿಸಿದೆ.

ತುಂಗಾ ಬೇಗ ಹೊರಗೆ ಹೋಯಿತು. ವಿಂಡೋಸ್ ಎಕ್ಸ್‌ಪಿ ಕಾಲದ ಫಾಂಟು, ಆದರೆ ಅದರ 12 ಪಕ್ಕದ ಹಾಳೆಯ 12ಕ್ಕಿಂತ ಸಣ್ಣದಾಗಿ ಕಾಣುತ್ತದೆ. ಪಾಯಿಂಟ್ ಅಂದರೆ ಅಕ್ಷರದ ಅಳತೆ ಅಲ್ಲ, ಅಕ್ಷರ ಕೂರುವ ಚೌಕದ ಅಳತೆ. ಅದರಲ್ಲಿ ಎಷ್ಟು ತುಂಬಬೇಕು ಅನ್ನೋದು ಫಾಂಟ್ ಮಾಡಿದವರ ಇಷ್ಟ.

ಅಂಗಡಿಯವರ ಮೆಚ್ಚಿನ ‘ನುಡಿ 01 ಇ’ ಫಾಂಟು ಮೂವರಿಗೂ ಹಿಡಿಸಿತು, ಕಣ್ಣಿಗೆ ರೂಢಿಯಾದ ಅಕ್ಷರ ಅಲ್ವಾ. ಆದರೆ ಫೈಲು ಹಳೆಯ ಆಸ್ಕಿಯದು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ್ದು. ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ. ಯುನಿಕೋಡ್‌ಗೆ ಬದಲಿಸಿ ಒತ್ತು, ಅರ್ಕಾವತ್ತು ಒಂದೊಂದೇ ನೋಡುವಷ್ಟರಲ್ಲಿ ನನ್ನ ಎರಡು ರಾತ್ರಿ ಹೋದವು.

ಉಳಿದದ್ದು ನೋಟೋ ಸೆರಿಫ್ ಮತ್ತು ನೋಟೋ ಸ್ಯಾನ್ಸ್. ಸೆರಿಫ್‌ನಲ್ಲಿ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಲೇಸರ್ ಪ್ರಿಂಟಿನಲ್ಲಿ ಅದರಷ್ಟು ಚೆಂದ ಯಾವುದೂ ಇರಲಿಲ್ಲ, ನನ್ನ ಓಟು ಅದಕ್ಕೇ ಇತ್ತು. ಆದರೆ ನಮ್ಮ ನೂರು ಪ್ರತಿ ಆಗೋದು ಝೆರಾಕ್ಸ್‌ನಲ್ಲಿ, ಅಲ್ಲಿ ತೆಳು ಗೆರೆಗಳು ಅರ್ಧಂಬರ್ಧ ಮಾಯ. ಕನ್ನಡದಲ್ಲಿ ಇದು ಸಣ್ಣ ವಿಷಯ ಅಲ್ಲ. ರ ಮತ್ತು ಠ ನಡುವೆ ಇರೋದು ಒಂದು ಚುಕ್ಕಿ, ದ ಮತ್ತು ಧ ನಡುವೆ ಒಂದು ಸೀಳು. ಆಯಿ ‘ಧನ’ ಇದ್ದಲ್ಲಿ ‘ದನ’ ಅಂತಲೇ ಓದಿದಳು. ನಮ್ಮ ಕಡೆ ಬಾಯಲ್ಲಿ ಎರಡೂ ಒಂದೇ, ಅದು ಬೇರೆ ಮಾತು. ಸ್ಯಾನ್ಸ್‌ನಲ್ಲಿ ಗೆರೆಯ ದಪ್ಪ ಹೆಚ್ಚುಕಡಿಮೆ ಒಂದೇ ಸಮ, ಝೆರಾಕ್ಸ್ ಆದರೂ ಸೀಳು ಸೀಳಾಗಿಯೇ ಉಳಿಯಿತು.

ಇಷ್ಟೆಲ್ಲ ಮಾಡಿದ ಮೇಲೂ ಮುತ್ಯಾ ಸ್ಯಾನ್ಸ್ ಹಾಳೆಯ ಮೇಲೆ ಬೆರಳಿಟ್ಟೇ ಓದುತ್ತಿದ್ದ. ಆಗ ಹೊಳೆಯಿತು, ತಪ್ಪು ಸಾಲುಗಳ ನಡುವೆ ಇದೆ. ಅಂಗಡಿಯವರು ಪುಟ ಉಳಿಸಲು 12 ಪಾಯಿಂಟ್ ಅಕ್ಷರಕ್ಕೆ 15 ಪಾಯಿಂಟ್ ಸಾಲು (ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಇರುವ ಅಂತರ) ಇಟ್ಟಿದ್ದರು, ನಾನೂ ಅದನ್ನೇ ಹಿಡಿದಿದ್ದೆ. ಇಂಗ್ಲಿಷಿಗೆ ಅದು ನಡೆದೀತು. ನಮ್ಮಲ್ಲಿ ‘ಸ್ವಾತಂತ್ರ್ಯ’, ‘ರಾಷ್ಟ್ರ’ ಬಂದರೆ ಒತ್ತುಗಳು ಕೆಳಗೆ ಇಳಿಯುತ್ತವೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ಎರಡೂ ನಡುದಾರಿಯಲ್ಲಿ ಡಿಕ್ಕಿ. 13 ಪಾಯಿಂಟ್ ಅಕ್ಷರಕ್ಕೆ 20 ಪಾಯಿಂಟ್ ಸಾಲು ಇಟ್ಟು ಮತ್ತೊಂದು ಹಾಳೆ ಕೊಟ್ಟೆ. ಬೆರಳು ತಾನೇ ಮಡಿಲಿಗೆ ಹೋಯಿತು. ಇದೇ ಅಳತೆಯಲ್ಲಿ ತುಂಗಾವನ್ನೂ ಮತ್ತೆ ಪ್ರಿಂಟ್ ತೆಗೆದೆ, ಅದೂ ಓದುವ ಹಾಗಾಗಿತ್ತು! ವರ್ಡ್‌ನಲ್ಲಿ ಸುಮ್ನೆ ಸಿಂಗಲ್, ಒಂದೂವರೆ ಅಂತ ಒತ್ತಬೇಡಿ, ಆ ಸಿಂಗಲ್ ಫಾಂಟಿನಿಂದ ಫಾಂಟಿಗೆ ಬೇರೆ. ಸಾಲಿನ ಅಂತರ ಪಾಯಿಂಟಿನಲ್ಲೇ ಹಾಕಿ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ತೆಗೆಸಿದೆ. ಎ5ನಲ್ಲಿ ಸಾಲಿಗೆ ಆರೇ ಪದ. ಅದರಲ್ಲಿ ‘ಹೋಗಬೇಕಾಗಿತ್ತೆಂದು’ ಥರದ್ದು ಕೆಳಗಿನ ಸಾಲಿಗೆ ಹಾರಿದರೆ ಮೇಲಿನ ಸಾಲು ಹಲ್ಲು ಬಿದ್ದ ಬಾಯಿ.

ಕೊನೆಗೆ ನೋಟೋ ಸ್ಯಾನ್ಸ್, 13ಕ್ಕೆ 20, ಬಿಳಿ ಬದಲು ತುಸು ಹಳದಿ ಛಾಯೆಯ ನ್ಯಾಚುರಲ್ ಶೇಡ್ ಕಾಗದ. 60 ಪುಟ ಇದ್ದದ್ದು 88 ಆಯಿತು. ದುಡ್ಡು ಕೊಡುವ ಕಾಕಾ ಆ 28 ಪುಟದ ಲೆಕ್ಕ ಇನ್ನೂ ಕೇಳುತ್ತಿದ್ದಾನೆ.