ಎರಡನೇ ಗೇಟಿನ ಪರೀಕ್ಷೆ: ಅಂಬಾಸಿಡರ್, ವೆಬರ್, ಎಸ್‌ಯು

ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟು ಬಿತ್ತೆಂದರೆ ಎಂಜಿನ್ನಿನ ಯೋಗ್ಯತೆ ಬಯಲಾಗುತ್ತದೆ. ಹಿಂದೆ ಮುಂದೆ ಸ್ಕೂಟರ್, ಪಕ್ಕದಲ್ಲಿ ತರಕಾರಿ ಗಾಡಿ, ಮೇಲೆ ಬಿಸಿಲು. ರೈಲು ಹೋಗುವವರೆಗೆ ಎಂಜಿನ್ ಬಂದ್ ಬೀಳದೆ, ಕೆಮ್ಮದೆ, ಪಕ್ಕದವರ ಕಣ್ಣಿಗೆ ಹೊಗೆ ಊದದೆ ಗುನುಗುತ್ತ ನಿಂತರೆ ಟ್ಯೂನಿಂಗ್ ಸರಿಯಾಗಿದೆ ಎಂದು ಅರ್ಥ. ನನ್ನ 1967ರ ಎಂಜಿ ಮಿಜೆಟ್‌ಗೆ ಮೂರು ವರ್ಷಗಳಲ್ಲಿ ಮೂರು ಬಗೆಯ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ: ಅಂಬಾಸಿಡರ್‌ನದು, ಇಟಲಿಯ ವೆಬರ್, ಮೂಲದ ಎಸ್‌ಯು), ಎರಡು ಬಗೆಯ ಇಗ್ನಿಷನ್ (ಕಿಡಿ ಹೊತ್ತಿಸುವ ವ್ಯವಸ್ಥೆ) ಹಾಕಿ ನೋಡಿದ್ದೇನೆ. ಅಶ್ವಶಕ್ತಿ ಅಳೆಯುವ ಯಂತ್ರ ನನ್ನಲ್ಲಿಲ್ಲ. ಇದ್ದದ್ದು ಈ ಗೇಟು, ವಂಟಮೂರಿ ಘಾಟು, ಅಕ್ಕನ ಮಗನ ಕೈಯಲ್ಲಿನ ಮೊಬೈಲ್ ಮತ್ತು ಖಡೇಬಜಾರ್ ಕಡೆಯ ಹಳೆಯ ಮಿಸ್ತ್ರಿ ಚಾಚಾರ ಕಿವಿ.

ಮೊದಲು ಎಂಜಿನ್ನಿನ ವಿಷಯ. ಮಿಜೆಟ್ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯ ಎರಡು ಆಸನದ ಗಾಡಿ. 1275 ಸಿಸಿ, ಹೊಸದಾಗಿದ್ದಾಗ 65 ಅಶ್ವಶಕ್ತಿ, ತೂಕ ಸುಮಾರು 700 ಕಿಲೋ. ಇದರ ಎ-ಸರಣಿಯ ಎಂಜಿನ್ 1951ರಲ್ಲಿ ಆಸ್ಟಿನ್ ಎ30 ಎಂಬ ಪುಟ್ಟ ಕಾರಿಗಾಗಿ 803 ಸಿಸಿಯಲ್ಲಿ ಹುಟ್ಟಿ, ಬೆಳೆಯುತ್ತ ಬೆಳೆಯುತ್ತ ಇಲ್ಲಿಗೆ ಬಂದದ್ದು. ನಮ್ಮ ಅಂಬಾಸಿಡರ್‌ನಲ್ಲಿದ್ದ 1489 ಸಿಸಿ ಎಂಜಿನ್ ಅದೇ ಮನೆತನದ ಬಿ-ಸರಣಿ. ನಲವತ್ತು ವರ್ಷ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಚಾಚಾ ಮೊದಲ ಸಲ ಬಾನೆಟ್ ಎತ್ತಿ ನೋಡಿ, "ಇದಕ್ಕೆ ಇಷ್ಟು ಹೆದರುವುದೇನಿದೆ ತಮ್ಮಾ, ಇದು ಅಂಬಾಸಿಡರ್‌ನ ಕೂಸು" ಎಂದರು. ಕೂಸಿಗೆ ಒಂದು ಹುಟ್ಟುದೋಷವಿದೆ. ನಾಲ್ಕು ಸಿಲಿಂಡರ್‌ಗಳಿಗೆ ಗಾಳಿ-ಪೆಟ್ರೋಲ್ ಒಳಹೋಗುವ ದ್ವಾರ ಎರಡೇ. ಎರಡು ಮನೆಗೆ ಒಂದೇ ನಲ್ಲಿ ಕೊಟ್ಟ ಹಾಗೆ. ಒಬ್ಬರ ಕೊಡ ತುಂಬುತ್ತಿರುವಾಗಲೇ ಇನ್ನೊಬ್ಬರು ಬಿಂದಿಗೆ ಒಡ್ಡುತ್ತಾರೆ. ಮುಂದೆ ಹೇಳುವ ಅರ್ಧ ತಾಪತ್ರಯಕ್ಕೆ ಇದೇ ಮೂಲ.

ಹೋಲಿಕೆ ನ್ಯಾಯವಾಗಿರಲೆಂದು ಕಾರ್ಬುರೇಟರ್ ಮುಟ್ಟುವ ಮೊದಲೇ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಉದ್ಯಮಬಾಗದ ಕಾರ್ಖಾನೆ ಪ್ರದೇಶಕ್ಕೆ ಒಯ್ದೆ. 2000ದಿಂದ ಈಚೆಗೆ ದೇಶದಲ್ಲಿ ಸೀಸ ಬೆರೆತ ಪೆಟ್ರೋಲ್ ಇಲ್ಲ. ಸೀಸದ ಆಸರೆ ತಪ್ಪಿದ ಹಳೆಯ ಬೀಡುಕಬ್ಬಿಣದ ಹೆಡ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ ಸವೆಯುತ್ತ ಹೋಗುತ್ತದೆ. ಗಟ್ಟಿ ಸೀಟು ಕೂರಿಸಿ, ಗೈಡ್ ಬದಲಿಸಿ, ಟ್ಯಾಪೆಟ್ ಸಂದನ್ನು 0.30 ಮಿಲಿಮೀಟರ್‌ಗೆ ಇಟ್ಟೆ. ವಾಲ್ವ್ ತೆರೆಯುವ ಕ್ಯಾಮ್ ಮೂಲದ್ದೇ. ಪರೀಕ್ಷೆಯ ರೀತಿ ಸರಳ: ಭಾನುವಾರ ಬೆಳಗ್ಗೆ ಹೆದ್ದಾರಿಯಲ್ಲಿ ಕಾಕತಿ ದಾಟಿದ ಮೇಲೆ ಮೂರನೇ ಗೇರಿನಲ್ಲಿ ಗಂಟೆಗೆ 40ರಿಂದ 80 ಕಿಲೋಮೀಟರ್, ಆಮೇಲೆ 80ರಿಂದ 100. ನಾಲ್ಕು ಸಲ ಓಡಿಸಿ ಸರಾಸರಿ ತೆಗೆದೆವು. ಸ್ಪೀಡೋಮೀಟರ್ ಮೈಲಿಯದ್ದು, ಅದೂ ಸುಳ್ಳು ಹೇಳುತ್ತದೆ. ಮೊಬೈಲ್‌ನ ಜಿಪಿಎಸ್ ಅನ್ನೇ ನಂಬಿದೆವು.

ಅಂಬಾಸಿಡರ್‌ನ ಕಾರ್ಬುರೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರು ನನ್ನ ಮನೆಗೆ ಬಂದದ್ದೇ ಅದನ್ನು ಹೊತ್ತುಕೊಂಡು. ಹಿಂದಿನ ಮಾಲೀಕರು ತಗಡು ಬೆಸೆಸಿ ಮ್ಯಾನಿಫೋಲ್ಡ್ ಮಾಡಿಸಿ ಅದರ ಮೇಲೆ ಕೂರಿಸಿದ್ದರು. ಮುಂಜಾನೆ ಒಂದೇ ಸೆಲ್ಫ್‌ಗೆ ಶುರುವಾಗುತ್ತಿತ್ತು, ಬಿಡಿಭಾಗ ಗುಜರಿಯಲ್ಲಿ ಸಿಗುತ್ತಿತ್ತು, ಲೀಟರಿಗೆ 12 ಕಿಲೋಮೀಟರ್ ಕೊಡುತ್ತಿತ್ತು. 40ರಿಂದ 80ಕ್ಕೆ 10.6 ಸೆಕೆಂಡು. 80ರ ಮೇಲೆ ಎಂಜಿನ್ ಮೂಗು ಮುಚ್ಚಿಕೊಂಡು ಓಡಿದ ಹಾಗೆ ಏದುಸಿರು ಬಿಡುತ್ತಿತ್ತು. ಸ್ಪೋರ್ಟ್ಸ್ ಕಾರಿಗೆ ಎತ್ತಿನ ಗಾಡಿಯ ನೊಗ. ರೈಲ್ವೆ ಗೇಟಿನಲ್ಲಿ ಮಾತ್ರ ಅದು ನೂರಕ್ಕೆ ನೂರು ಅಂಕ ಪಡೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಮೂಲದ ಜೋಡಿ ಎಸ್‌ಯು ಕಾರ್ಬುರೇಟರ್‌ಗಳು ಡಿಕ್ಕಿಯಲ್ಲಿ ಗೋಣಿಚೀಲದೊಳಗೆ ಬಿದ್ದಿದ್ದವು. ಬುದ್ಧಿಯಿದ್ದಿದ್ದರೆ ಅವುಗಳನ್ನೇ ಮೊದಲು ಕೈಗೆತ್ತಿಕೊಳ್ಳಬೇಕಿತ್ತು. ನಾನು ವೆಬರ್ ಕೊಂಡೆ.

ವೆಬರ್ 45 ಡಿಸಿಒಇ ನೋಡಿದವರಿಗೆ ನನ್ನ ಮೋಹ ಅರ್ಥವಾದೀತು. ಇಟಲಿಯ ಬೊಲೋನ್ಯಾದಲ್ಲಿ ಹುಟ್ಟಿದ ವಂಶ, ಎರಡು ದೊಡ್ಡ ಗಂಟಲು, ಕನ್ನಡಿಯಂಥ ಗಾಳಿತುತ್ತೂರಿ. ಕೂರಿಸಲು ಹೊರಟಾಗಲೇ ಮೊದಲ ಪೆಟ್ಟು. ಎಡಗಡೆ ಕೂರುವವರ ಕಾಲಿಡುವ ಗೂಡಿನ ತಗಡಿಗೆ ಅದು ತಾಗುತ್ತದೆ. ಮರದ ಕೊಡತಿಯಿಂದ ತಗಡನ್ನು ಒಳಕ್ಕೆ ಬಡಿದು ಜಾಗ ಮಾಡಿದೆ. ಐವತ್ತು ದಾಟಿದ ಕಾರಿನ ಮೈಗೆ ಸ್ವಂತ ಕೈಯಾರೆ ಹೊಡೆದ ಹೊಡೆತ. ಅಂದು ಊಟ ರುಚಿಸಲಿಲ್ಲ.

ಅದಾದ ಮೇಲೆ ಜೆಟ್‌ಗಳ, ಅಂದರೆ ಪೆಟ್ರೋಲ್, ಗಾಳಿ ಅಳೆದು ಬಿಡುವ ಸಣ್ಣ ತೂತಿನ ತುಣುಕುಗಳ ಕಾಟ. ವೆಬರ್‌ನಲ್ಲಿ ಮೇನ್ ಜೆಟ್, ಏರ್ ಜೆಟ್, ಐಡಲ್ ಜೆಟ್, ಪಂಪ್ ಜೆಟ್, ಎಮಲ್ಷನ್ ಟ್ಯೂಬ್ ಎಲ್ಲವೂ ಬಿಡಿಬಿಡಿ ಹಿತ್ತಾಳೆಯ ತುಣುಕುಗಳು. ಒಂದನ್ನು ಬದಲಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಮೇನ್ ಜೆಟ್ ಮೇಲೆ 145 ಎಂದಿದ್ದರೆ ತೂತು 1.45 ಮಿಲಿಮೀಟರ್, ಮುಂದಿನದು 150. ಈ ಐದು ಅಂಕದ ವ್ಯತ್ಯಾಸಕ್ಕೆ ಕೊರಿಯರ್‌ಗಾಗಿ ವಾರಗಟ್ಟಲೆ ಕಾಯಬೇಕು. ಹೈಡ್ರಾಲಿಕ್ ಬಿಡಿಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ಕೆತ್ತುವ ಉದ್ಯಮಬಾಗದ ಟರ್ನರ್ ಒಬ್ಬರು "ತೂತು ತಾನೇ ಸರ್, ನಾನು ಕೊರೆದು ಕೊಡುತ್ತೇನೆ" ಎಂದರು. ಕೊರೆದೂ ಕೊಟ್ಟರು, ಅಳತೆ ಕರಾರುವಾಕ್ಕು. ಆದರೆ ಜೆಟ್‌ನ ತೂತಿಗೆ ಅಳತೆಯಷ್ಟೇ ಬಾಯಿಯ ಓರೆಯೂ ಮುಖ್ಯ. ಓರೆ ಬದಲಾದರೆ ಅಷ್ಟೇ ತೂತಿನಲ್ಲಿ ಹರಿಯುವ ಪೆಟ್ರೋಲ್ ಬದಲಾಗುತ್ತದೆ. ತಪ್ಪು ಅವರದಲ್ಲ, ಕೇಳಿದ ನನ್ನದು.

ನಾಲ್ಕು ತಿಂಗಳ ಬಳಿಕ ಒಂದು ಹದಕ್ಕೆ ಬಂತು. ಹೊಗಳುವುದನ್ನು ಹೊಗಳಬೇಕು: 4,500 ಸುತ್ತು ದಾಟಿದ ಮೇಲೆ ಆ ಗಂಟಲುಗಳಿಂದ ಹೊರಡುವ ಸದ್ದಿಗೆ ಸಾಟಿಯಿಲ್ಲ. 80ರಿಂದ 100ಕ್ಕೆ 4.3 ಸೆಕೆಂಡು, ಮೂರರಲ್ಲಿ ಇದೇ ಮೊದಲು. ಆದರೆ 40ರಿಂದ 80ಕ್ಕೆ 9.1. ಕೆಳಗಿನ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದರೆ ಅರೆಕ್ಷಣ ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಸಣ್ಣ ಎಂಜಿನ್ನಿಗೆ ದೊಡ್ಡ ಗಂಟಲು. ನಿಧಾನವಾಗಿ ಎಳೆದ ಗಾಳಿಗೆ ಪೆಟ್ರೋಲನ್ನು ಎತ್ತುವ ಕಸುವಿರುವುದಿಲ್ಲ. ಪ್ಲಗ್ ಬಿಚ್ಚಿದರೆ ನಾಲ್ಕರಲ್ಲಿ ಎರಡು ಬಣ್ಣ: ಎರಡು ಕಾಡಿಗೆ (ಪೆಟ್ರೋಲ್ ಹೆಚ್ಚು), ಎರಡು ಸುಣ್ಣ (ಪೆಟ್ರೋಲ್ ಕಡಿಮೆ). ಒಂದೇ ನಲ್ಲಿಯ ಜಗಳ ವೆಬರ್‌ನಲ್ಲಿ ಬೀದಿಗೆ ಬಂದಿತ್ತು. ಲೀಟರಿಗೆ 9 ಕಿಲೋಮೀಟರ್. ಗೇಟಿನಲ್ಲಿ ನಿಂತರೆ ಕಣ್ಣುರಿ. ಒಮ್ಮೆ ಸ್ಕೂಟರ್‌ನಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಚೋರ್ಲಾ ಘಾಟಿನಿಂದ ಗೋವೆಗೆ ಇಳಿದ ದಿನ ಇನ್ನೊಂದು ಪಾಠವಾಯಿತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ತೆಳು ಗಾಳಿಗೆ ಹೊಂದಿಸಿದ ಮಿಶ್ರಣ ಕೆಳಗಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಬಡಕಲಾಗುತ್ತದೆ. ಯಾವ ಕಾರ್ಬುರೇಟರ್‌ಗೂ ಇದು ತಪ್ಪಿದ್ದಲ್ಲ. ವ್ಯತ್ಯಾಸವಿರುವುದು ಸರಿಪಡಿಸುವುದರಲ್ಲಿ: ವೆಬರ್‌ಗೆ ಜೆಟ್‌ಗಳ ಡಬ್ಬಿ ಬೇಕು, ಎಸ್‌ಯುಗೆ ಒಂದು ಸ್ಪ್ಯಾನರ್ ಸಾಕು.

ಕೊನೆಗೆ ಗೋಣಿಚೀಲ ಬಿಚ್ಚಿದೆ. ಚಾಚಾ ಎಸ್‌ಯು ಒಂದನ್ನು ಕೈಗೆತ್ತಿಕೊಂಡು ಥ್ರಾಟಲ್‌ನ ಕಡ್ಡಿಯನ್ನು ಎರಡು ಬೆರಳಿನಿಂದ ಅಲುಗಾಡಿಸಿದರು. ಅದು ಕಟಕಟ ಎಂದಿತು. "ರೋಗ ಇಲ್ಲಿದೆ. ಇಲ್ಲಿಂದ ಕಳ್ಳಗಾಳಿ ಎಳೆಯುತ್ತದೆ. ಇದಕ್ಕಾಗಿ ಇದನ್ನು ಬಿಚ್ಚಿ ಬಿಸಾಡಿದರೇ?" ಎಂದರು. ಕಡ್ಡಿ ಮತ್ತು ಅದರ ತೂತು ಸವೆದರೆ ಆ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ, ಐಡಲ್ (ನಿಂತಲ್ಲೇ ಗುನುಗುವ ವೇಗ) ಹದದಲ್ಲಿ ನಿಲ್ಲುವುದೇ ಇಲ್ಲ, ಮಿಸ್ಸಿಂಗ್ ಶುರುವಾಗುತ್ತದೆ. ಹಿಂದಿನ ಮಾಲೀಕರು ಬೇಸತ್ತು ಅಂಬಾಸಿಡರ್‌ಗೆ ಹೋದದ್ದು ಬಹುಶಃ ಇದರಿಂದಲೇ. ಉದ್ಯಮಬಾಗದಲ್ಲಿ ಅದೇ ಟರ್ನರ್ ತೂತು ದೊಡ್ಡದು ಮಾಡಿ ಕಂಚಿನ ಬುಷ್ ಹಾಕಿ ಹೊಸ ಕಡ್ಡಿ ಕೂರಿಸಿದರು. ನನಗಾದ ಖರ್ಚು ವೆಬರ್‌ನ ಜೆಟ್‌ಗಳಿಗೆ ಕೊಟ್ಟದ್ದಕ್ಕಿಂತ ಕಡಿಮೆ.

ಎಸ್‌ಯುನಲ್ಲಿ ಜೆಟ್ ಒಂದೇ. ಅದರೊಳಗೆ ಮೊನಚು ಸೂಜಿಯೊಂದು ಮೇಲೆ ಕೆಳಗೆ ಆಡುತ್ತದೆ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ ಮೇಲೇರುತ್ತದೆ, ಅದರ ಜೊತೆ ಸೂಜಿಯೂ ಏರಿ ಪೆಟ್ರೋಲಿಗೆ ಜಾಗ ಬಿಡುತ್ತದೆ. ಗಂಟಲಿನ ಅಳತೆ ತಾನೇ ಬದಲಾಗುವುದರಿಂದ ಕೆಳಗಿನ ವೇಗದಲ್ಲೂ ಉಸಿರು ಕಟ್ಟುವುದಿಲ್ಲ. ಟ್ಯೂನ್ ಮಾಡುವುದು ನಿಜಕ್ಕೂ ಸುಖದ ಕೆಲಸ. ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್‌ನ ಬಾಯಿಗೆ ಹಿಡಿದು ಎರಡರ ಸುಯ್‌ಸದ್ದೂ ಒಂದೇ ಆಗುವವರೆಗೆ ಹೊಂದಿಸುತ್ತೇನೆ. ಬಳಿಕ ಪಿಸ್ಟನ್ ಅನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ ನೋಡುತ್ತೇನೆ. ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಹೆಚ್ಚು, ಬಂದ್ ಬಿದ್ದರೆ ಕಡಿಮೆ, ಕ್ಷಣ ಏರಿ ಮತ್ತೆ ಇಳಿದರೆ ಸರಿ. ಜೆಟ್‌ನ ಆರು ಮೂಲೆಯ ನಟ್ಟನ್ನು ಒಂದು ಮುಖದಷ್ಟು ತಿರುಗಿಸಿದರೆ ವ್ಯತ್ಯಾಸ ಕಿವಿಗೆ ಕೇಳುತ್ತದೆ. ಪಿಸ್ಟನ್ ಮೇಲಿನ ಡಬ್ಬಿಗೆ ಎಣ್ಣೆ ಹಾಕಲು ಮರೆತರೆ ಮಾತ್ರ ಪಿಕಪ್ ತೊದಲುತ್ತದೆ.

ಇಲ್ಲೂ ಒಂದು ಕೊಕ್ಕೆ ಇತ್ತು. ಎಎನ್ ಗುರುತಿನ ಮೂಲದ ಸೂಜಿ ಹಳೆಯ ಪೆಟ್ರೋಲಿಗೆ ಕೆತ್ತಿದ್ದು. ಈಗ ಬಂಕಿನಲ್ಲಿ ಸಿಗುವುದು ಶೇಕಡ 20ರಷ್ಟು ಎಥನಾಲ್ ಬೆರೆತದ್ದು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಹರಿಯಬೇಕು. ನಟ್ಟು ತಿರುಗಿಸಿ ಜೆಟ್ ಇಳಿಸಿದರೆ ಐಡಲ್‌ನಲ್ಲಿ ವಿಪರೀತ ಹೆಚ್ಚಾಗುತ್ತದೆ, ಮೇಲಿನ ವೇಗದಲ್ಲಿ ಸಾಲದಾಗುತ್ತದೆ. ಸೂಜಿಯೇ ತೆಳ್ಳಗಾಗಬೇಕು. ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಜೀರೋ ಪೇಪರ್‌ನಿಂದ ಉಜ್ಜುತ್ತ, ಮೈಕ್ರೋಮೀಟರ್‌ನಲ್ಲಿ ಅಳೆಯುತ್ತ ಒಂದು ಜೋಡಿ ಹಾಳು ಮಾಡಿದೆ. ಎರಡನೇ ಜೋಡಿ ಕೂಡಿಬಂತು. ಪ್ಲಗ್ ಬಿಚ್ಚಿದಾಗ ನಾಲ್ಕೂ ನಮ್ಮ ಬೆಳಗಾವಿ ಕುಂದಾ ಸಿಹಿಯ ಕಂದು ಬಣ್ಣ. ಚಾಚಾ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ಚಹಾ ಕೇಳಿದರು.

ಎಥನಾಲ್ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಗೋಕಾಕ ಕಡೆ ನನ್ನ ಸೋದರಮಾವ ಕಬ್ಬು ಬೆಳೆಯುತ್ತಾರೆ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಲ್ಲಿ ಎಥನಾಲ್ ಆಗುತ್ತದೆ, ಅದು ನನ್ನ ಕಾರಿನ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಮಾವನ ಮುಂದೆ ದೂರುವಂತಿಲ್ಲ. ಪಂಪಿನಿಂದ ಕಾರ್ಬುರೇಟರ್‌ವರೆಗಿನ ಪೈಪನ್ನು ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಖಾಲಿ ಮಾಡಿಯೇ ನಿಲ್ಲಿಸಬೇಕು. ಎಥನಾಲ್ ತೇವ ಹೀರುತ್ತದೆ. ವೆಬರ್‌ನ ಬಟ್ಟಲಿನಲ್ಲಿ ಬಿಳಿ ಬೂಷ್ಟು ಹಿಡಿದದ್ದು ಹಾಗೆಯೇ.

ಜೋಡಿ ಎಸ್‌ಯು ಕೊಟ್ಟ ಲೆಕ್ಕ: 40ರಿಂದ 80ಕ್ಕೆ 8.2 ಸೆಕೆಂಡು, 80ರಿಂದ 100ಕ್ಕೆ 4.8, ಲೀಟರಿಗೆ 13 ಕಿಲೋಮೀಟರ್. ಮೇಲಿನ ವೇಗದಲ್ಲಿ ವೆಬರ್‌ಗೆ ಅರ್ಧ ಸೆಕೆಂಡು ಸೋತಿತು. ಲಾರಿಗಳ ಹಿಂದೆ ವಂಟಮೂರಿ ಘಾಟು ಹತ್ತುವಾಗ ಆ ಅರ್ಧ ಸೆಕೆಂಡು ಒಮ್ಮೆಯೂ ನೆನಪಾಗಲಿಲ್ಲ.

ಇಗ್ನಿಷನ್ ವಿಷಯದಲ್ಲಿ ನನ್ನ ತೀರ್ಪು ಹೊಸದರ ಕಡೆಗೆ. ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಹಳೆಯ ಪಾಯಿಂಟ್‌ಗಳ ಸಂದು 0.38 ಮಿಲಿಮೀಟರ್ ಇರಬೇಕು. ಸವೆದಂತೆ ಅದು ಬದಲಾಗಿ ಟೈಮಿಂಗ್ ಕೂಡ ಸರಿಯುತ್ತದೆ. ಈಗ ಸಿಗುವ ಕಂಡೆನ್ಸರ್‌ಗಳಿಗೆ ಆಯುಸ್ಸಿಲ್ಲ. ಡಿಸ್ಟ್ರಿಬ್ಯೂಟರ್ ಒಳಗೇ ಅಡಗುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ ಮೇಲೆ ಜುಲೈ ಮಳೆಯಲ್ಲೂ ಒಂದೇ ಸೆಲ್ಫ್. ಮೊದಲನೆಯ ಮಾಡ್ಯೂಲ್ ಮಾತ್ರ ಒಂದು ಸೆಕೆಂಡೂ ಬದುಕಲಿಲ್ಲ. ನನ್ನ ಕಾರು ಪಾಸಿಟಿವ್ ಅರ್ಥಿಂಗ್‌ನದು, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಮೈಗೆ ಜೋಡಿಸಿದ್ದು. ಮಿಜೆಟ್ ನೆಗೆಟಿವ್‌ಗೆ ಬದಲಾದದ್ದು 1967ರ ಕೊನೆಗೆ. ಅದನ್ನು ಮರೆತು ತಂತಿ ಜೋಡಿಸಿದೆ, ಸುಟ್ಟ ವಾಸನೆ ಬಂತು. ಬಳಿಕ ಬ್ಯಾಟರಿ, ಕಾಯಿಲ್ ತಂತಿಗಳನ್ನು ಅದಲು ಬದಲು ಮಾಡಿ, ಡೈನಮೋಗೆ ಹೊಸ ದಿಕ್ಕು ಕಲಿಸಿದೆ. ಮಾಡ್ಯೂಲ್ ಸಾಯುವಾಗ ಮುನ್ಸೂಚನೆ ಕೊಡುವುದಿಲ್ಲ, ಹಾಗಾಗಿ ಹೊಂದಿಸಿದ ಹಳೆಯ ಪಾಯಿಂಟ್ ತಟ್ಟೆ ಸದಾ ಡಿಕ್ಕಿಯಲ್ಲಿರುತ್ತದೆ. ನೂರು ಆಕ್ಟೇನ್ ಪೆಟ್ರೋಲನ್ನೂ ಎರಡು ಟ್ಯಾಂಕ್ ಸುಟ್ಟು ನೋಡಿದೆ. 8.8ರ ಕಂಪ್ರೆಷನ್‌ಗೆ ಅದು ಬರಿಯ ದಂಡ.

ಇನ್ನೊಂದು ಲೆಕ್ಕವೂ ಎಸ್‌ಯು ಪರವಾಗಿದೆ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗೆ ಮಾಡಿಸಿದರೆ ದಿನನಿತ್ಯ ಓಡಿಸುವಂತಿಲ್ಲ ಎಂಬ ಕಾರಣಕ್ಕೆ ನಾನಿನ್ನೂ ಅರ್ಜಿ ಹಾಕಿಲ್ಲ.

ವೆಬರ್ ಅನ್ನು ಗೋವೆಯವರೊಬ್ಬರು ಒಯ್ದರು. ಅವರದು ರೇಸಿಗೆಂದೇ ಕಟ್ಟುತ್ತಿರುವ ಕಾರು, ಅಲ್ಲಿ ಅದಕ್ಕೆ ಮರ್ಯಾದೆಯಿದೆ. ಬಡಿದು ಕೆಡಿಸಿದ ತಗಡನ್ನು ಟಿಂಕರ್ ಕೆಲಸದವರು ನೇರ ಮಾಡಿಕೊಟ್ಟರು. ಆದರೂ ಅಕ್ಕ ಪಕ್ಕದ ಸೀಟಿನಲ್ಲಿ ಕುಳಿತಾಗಲೆಲ್ಲ ಬಲಗಾಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ.