ಟೋಪಿ, ಚಾವಟಿ ಕೆಳಗಿಟ್ಟ ಮೇಲಿನ ಹ್ಯಾರಿಸನ್ ಫೋರ್ಡ್

ಹ್ಯಾರಿಸನ್ ಫೋರ್ಡ್ ಎಂದೊಡನೆ ಇಬ್ಬರು ಕಣ್ಣ ಮುಂದೆ ಬಂದು ನಿಲ್ಲುತ್ತಾರೆ: ‘ಸ್ಟಾರ್ ವಾರ್ಸ್’ನ ಹಾನ್ ಸೋಲೋ ಮತ್ತು ಚಾವಟಿ ಹಿಡಿದ ಇಂಡಿಯಾನಾ ಜೋನ್ಸ್. ಮೊದಲನೆಯವನು 1977ರಲ್ಲಿ, ಎರಡನೆಯವನು 1981ರಲ್ಲಿ ತೆರೆಗೆ ಬಂದರು; ಇಂಡಿಯಾನಾ ಜೋನ್ಸ್ ಸರಣಿಯ ಐದನೆಯ ಚಿತ್ರ 2023ರಲ್ಲಿ ಬಿಡುಗಡೆಯಾಗುವ ವೇಳೆಗೆ ಫೋರ್ಡ್‌ಗೆ ಎಂಬತ್ತು ತುಂಬಿತ್ತು. ಈ ಎರಡು ಸರಣಿಗಳನ್ನು ಬದಿಗಿಟ್ಟು ಉಳಿದವುಗಳಲ್ಲಿ ಶ್ರೇಷ್ಠ ಯಾವುದು ಎಂದು ಕೇಳಿದರೆ ಅಭಿಮಾನಿಗಳ ನಡುವೆ ವಾದ ಶುರುವಾಗುತ್ತದೆ, ಮತ್ತು ಆ ವಾದ ಸಾಮಾನ್ಯವಾಗಿ ‘ಬ್ಲೇಡ್ ರನ್ನರ್’, ‘ವಿಟ್ನೆಸ್’, ‘ದಿ ಫ್ಯುಜಿಟಿವ್’ ಎಂಬ ಮೂರು ಹೆಸರುಗಳ ಸುತ್ತಲೇ ತಿರುಗುತ್ತದೆ. ಕಳೆದ ಕೆಲವು ವಾರಗಳಲ್ಲಿ ಅವರ ಹತ್ತು ಹನ್ನೆರಡು ಚಿತ್ರಗಳನ್ನು ಮತ್ತೆ ನೋಡಿ ಮುಗಿಸಿದ ಮೇಲೆ, ನನ್ನ ಹಳೆಯ ಅಭಿಪ್ರಾಯ ಕದಲಿದ್ದರಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲು ಒಂದು ತಕರಾರನ್ನು ಇತ್ಯರ್ಥ ಮಾಡಿಕೊಳ್ಳಬೇಕು. 1992ರ ‘ಪೇಟ್ರಿಯಟ್ ಗೇಮ್ಸ್’ ಮತ್ತು 1994ರ ‘ಕ್ಲಿಯರ್ ಅಂಡ್ ಪ್ರೆಸೆಂಟ್ ಡೇಂಜರ್’ ಚಿತ್ರಗಳಲ್ಲಿ ಫೋರ್ಡ್ ಜಾಕ್ ರಯನ್ ಎಂಬ ಸಿಐಎ ಅಧಿಕಾರಿಯ ಪಾತ್ರ ವಹಿಸಿದ್ದಾರೆ. ಆ ಪಾತ್ರವನ್ನು ಅವರಿಗಿಂತ ಮೊದಲು ಆಲೆಕ್ ಬಾಲ್ಡ್‌ವಿನ್ ಮಾಡಿದ್ದರು, ಅನಂತರ ಬೇರೆಯವರೂ ಮಾಡಿದರು. ಹೀಗಾಗಿ ಇವೆರಡೂ ಸರಣಿಯ ಚಿತ್ರಗಳೇ ಎಂದು ನಾನು ಲೆಕ್ಕ ಹಾಕಿ ಸ್ಪರ್ಧೆಯಿಂದ ಹೊರಗಿಟ್ಟಿದ್ದೇನೆ. ‘ಬ್ಲೇಡ್ ರನ್ನರ್’ಗೂ 2017ರಲ್ಲಿ ಎರಡನೆಯ ಭಾಗ ಬಂತಲ್ಲ ಎಂದು ಯಾರಾದರೂ ಕೇಳಬಹುದು. ಮೂವತ್ತೈದು ವರ್ಷ ಒಂಟಿಯಾಗಿ ನಿಂತಿದ್ದ ಚಿತ್ರಕ್ಕೆ ಆ ಕಾರಣದಿಂದ ಬಾಗಿಲು ಹಾಕುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಬಹಳ ವರ್ಷ ನಾನು ‘ಬ್ಲೇಡ್ ರನ್ನರ್’ ಪಕ್ಷದವನಾಗಿದ್ದೆ. ರಿಡ್ಲಿ ಸ್ಕಾಟ್ ನಿರ್ದೇಶನದ ಈ 1982ರ ಚಿತ್ರದಲ್ಲಿ ಮಳೆ ನಿಲ್ಲದ ಲಾಸ್ ಏಂಜಲೀಸ್ ಇದೆ, ವ್ಯಾಂಗೆಲಿಸ್ ಸಂಗೀತವಿದೆ, ಮನುಷ್ಯರಂತೆಯೇ ಕಾಣುವ ಕೃತಕ ಜೀವಿಗಳನ್ನು ಬೇಟೆಯಾಡುವ ಡೆಕಾರ್ಡ್ ಎಂಬ ದಣಿದ ಪೊಲೀಸನಿದ್ದಾನೆ. ಚಿತ್ರ ಮೊದಲು ತೆರೆ ಕಂಡಾಗ ಪ್ರೇಕ್ಷಕರಿಗೆ ಅರ್ಥವಾಗಲಾರದೆಂಬ ಅಂಜಿಕೆಯಿಂದ ಫೋರ್ಡ್ ಅವರ ಹಿನ್ನೆಲೆ ನಿರೂಪಣೆಯನ್ನು ಸೇರಿಸಲಾಗಿತ್ತು; 1992ರ ಆವೃತ್ತಿಯಲ್ಲಿ ಅದನ್ನು ತೆಗೆದರು, 2007ರಲ್ಲಿ ನಿರ್ದೇಶಕರ ಅಂತಿಮ ಆವೃತ್ತಿ ಬಂತು. ನೋಡುವವರು 2007ರದ್ದನ್ನೇ ನೋಡಬೇಕು, ಏಕೆಂದರೆ ಹಳೆಯ ನಿರೂಪಣೆಯಲ್ಲಿ ಫೋರ್ಡ್ ಅವರ ದನಿ ಸಮನ್ಸ್ ಓದುವ ಗುಮಾಸ್ತನ ದನಿಯಷ್ಟು ನಿರುತ್ಸಾಹದಿಂದ ಕೂಡಿದೆ.

ಈ ಸಲ ನೋಡುವಾಗ ಹಿಂದೆಂದೂ ಹೊಳೆಯದ ಒಂದು ಸಂಗತಿ ಹೊಳೆಯಿತು. ನಾನು ಇಷ್ಟು ವರ್ಷ ಹೊಗಳುತ್ತಿದ್ದದ್ದು ಸ್ಕಾಟ್ ಕಟ್ಟಿದ ನಗರವನ್ನು, ಕೃತಕ ಜೀವಿಗಳ ಮುಂದಾಳಾಗಿ ನಟಿಸಿದ ರಟ್ಗರ್ ಹೌವರ್ ಅವರ ಕೊನೆಯ ಮಾತುಗಳನ್ನು. ಫೋರ್ಡ್ ಇಲ್ಲಿ ಚಿತ್ರದುದ್ದಕ್ಕೂ ಹೊಡೆತ ತಿನ್ನುತ್ತಾರೆ, ಕುಡಿಯುತ್ತಾರೆ, ಫೋಟೋ ನೋಡುತ್ತಾರೆ. ಹೌವರ್ ಮಳೆಯಲ್ಲಿ ಕುಳಿತು ಸಾಯುವ ಮುನ್ನ ಮಾತಾಡುವಾಗ ಫೋರ್ಡ್ ಎದುರಿಗೆ ಬಿದ್ದುಕೊಂಡು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಆದರೆ ಆ ಕೇಳಿಸಿಕೊಳ್ಳುವಿಕೆ ಎಷ್ಟು ಸೊಗಸಾಗಿದೆಯೆಂದರೆ ಅವರ ನಿಜವಾದ ಸಾಮರ್ಥ್ಯದ ಸುಳಿವು ನನಗೆ ಸಿಕ್ಕಿದ್ದೇ ಅಲ್ಲಿ. ಡೆಕಾರ್ಡ್ ಮನುಷ್ಯನೋ ಕೃತಕ ಜೀವಿಯೋ ಎಂಬ ಪ್ರಶ್ನೆಯಲ್ಲಿ ನಿರ್ದೇಶಕರದು ಒಂದು ಉತ್ತರ, ನಟರದು ಇನ್ನೊಂದು ಉತ್ತರವಾಗಿತ್ತು. ಆ ಗೊಂದಲ ಚಿತ್ರಕ್ಕೆ ಲಾಭ ತಂದಿದ್ದರೂ ಪಾತ್ರವನ್ನು ತೆಳುವಾಗಿಸಿದೆ. ಶ್ರೇಷ್ಠ ಚಿತ್ರ ಯಾವುದು ಎಂದು ಕೇಳಿದರೆ ಈಗಲೂ ‘ಬ್ಲೇಡ್ ರನ್ನರ್’ ಎಂದೇನು. ಫೋರ್ಡ್ ಅವರ ಶ್ರೇಷ್ಠ ಚಿತ್ರ ಯಾವುದು ಎಂದರೆ ಹಾಗೆನ್ನಲಾರೆ.

ಆ ಜಾಗ ‘ವಿಟ್ನೆಸ್’ಗೆ ಸೇರಬೇಕು. ಪೀಟರ್ ವಿಯರ್ ನಿರ್ದೇಶಿಸಿದ 1985ರ ಈ ಚಿತ್ರದಲ್ಲಿ ಫೋರ್ಡ್ ಫಿಲಡೆಲ್ಫಿಯಾದ ಪತ್ತೇದಾರಿ ಪೊಲೀಸ್ ಜಾನ್ ಬುಕ್. ವಿದ್ಯುತ್ತು, ಮೋಟಾರು, ಹಿಂಸೆ ಮೂರನ್ನೂ ದೂರವಿಟ್ಟು ಪೆನ್ಸಿಲ್ವೇನಿಯಾದ ಹೊಲಗಳ ನಡುವೆ ಬದುಕುವ ಆಮಿಶ್ ಸಮುದಾಯದ ಪುಟ್ಟ ಹುಡುಗನೊಬ್ಬ ರೈಲು ನಿಲ್ದಾಣದ ಶೌಚಾಲಯದಲ್ಲಿ ನಡೆದ ಕೊಲೆಯನ್ನು ಕಂಡುಬಿಡುತ್ತಾನೆ. ಕೊಲೆಗಾರ ಯಾರೆಂದು ತಿಳಿಯುವ ದೃಶ್ಯವನ್ನು ನಾನು ಒಂದೇ ರಾತ್ರಿ ಮೂರು ಬಾರಿ ಹಿಂದಕ್ಕೆ ಓಡಿಸಿ ನೋಡಿದೆ. ಪೊಲೀಸ್ ಠಾಣೆಯಲ್ಲಿ ಬುಕ್ ಫೋನಿನಲ್ಲಿ ಮಾತಾಡುತ್ತಿರುವಾಗ ಹುಡುಗ ಅತ್ತಿತ್ತ ಅಲೆಯುತ್ತಾ ಟ್ರೋಫಿಗಳ ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾನೆ. ಅಲ್ಲಿ ಅಂಟಿಸಿದ ಪತ್ರಿಕೆಯ ತುಣುಕಿನಲ್ಲಿ ಅವನು ಕಂಡ ಮುಖವಿದೆ, ಮತ್ತು ಆ ಮುಖ ಒಬ್ಬ ಪೊಲೀಸ್ ಅಧಿಕಾರಿಯದು. ಹುಡುಗ ತಿರುಗಿ ಬುಕ್‌ನನ್ನು ನೋಡುತ್ತಾನೆ. ಬುಕ್ ಫೋನ್ ಇಟ್ಟು ನಿಧಾನವಾಗಿ ನಡೆದು ಬರುತ್ತಾನೆ. ಹುಡುಗ ಬೆರಳು ಚಾಚಿದಾಗ ಬುಕ್ ಒಂದು ಮಾತೂ ಆಡದೆ ಆ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಮುಚ್ಚಿಕೊಳ್ಳುತ್ತಾನೆ. ಇಲಾಖೆಯೊಳಗೇ ಕೊಲೆಗಾರನಿದ್ದಾನೆ, ಈ ಬೆರಳನ್ನು ಯಾರಾದರೂ ನೋಡಿದರೆ ಹುಡುಗ ಉಳಿಯುವುದಿಲ್ಲ ಎಂಬ ಎರಡೂ ಅರಿವುಗಳು ಆ ಒಂದು ಚಲನೆಯಲ್ಲಿವೆ.

ಫೋರ್ಡ್ ನಟನೆಯಿಂದ ಹೊಟ್ಟೆ ತುಂಬದ ಕಾಲದಲ್ಲಿ ಬಡಗಿಯ ಕೆಲಸ ಮಾಡಿ ಸಂಸಾರ ನಡೆಸಿದವರು ಎಂಬುದು ಎಲ್ಲರಿಗೂ ತಿಳಿದ ಕಥೆ. ‘ವಿಟ್ನೆಸ್’ ಅದನ್ನು ಸದ್ದಿಲ್ಲದೆ ಬಳಸಿಕೊಂಡಿದೆ. ಗುಂಡೇಟು ತಿಂದು ಎಚ್ಚರ ತಪ್ಪಿದ ಬುಕ್‌ನ ಕಾರು ಆಮಿಶ್ ಮನೆಯ ಅಂಗಳದ ಹಕ್ಕಿಗೂಡಿನ ಕಂಬಕ್ಕೆ ಗುದ್ದಿ ಅದನ್ನು ಮುರಿಯುತ್ತದೆ. ಗಾಯ ಮಾಗಿದ ಮೇಲೆ ಅವನೇ ಅದನ್ನು ದುರಸ್ತಿ ಮಾಡುತ್ತಾನೆ. ಇಡೀ ಊರು ಸೇರಿ ಒಂದೇ ದಿನದಲ್ಲಿ ಹೊಸ ದಂಪತಿಗೆ ಕಣಜ ಕಟ್ಟಿಕೊಡುವ ಪ್ರಸಿದ್ಧ ದೃಶ್ಯದಲ್ಲಿ, ಮೊರೀಸ್ ಜಾರ್ ಅವರ ಸಂಗೀತ ಏರುತ್ತಿರುವಂತೆ, ಫೋರ್ಡ್ ಸುತ್ತಿಗೆ ಹಿಡಿದಿರುವ ರೀತಿಯನ್ನೊಮ್ಮೆ ಗಮನಿಸಿ. ಕಸುಬು ಬಲ್ಲವನ ಕೈ ಅದು ಎಂದು ಯಾರಾದರೂ ಹೇಳಬಲ್ಲರು. ಅದೇ ಮನುಷ್ಯ ಬೆಳಗಿನ ಜಾವ ಹಸುವಿನ ಕೆಚ್ಚಲಿನ ಮುಂದೆ ಕುಳಿತಾಗ ಮಾತ್ರ ಪೂರ್ತಿ ಪೆದ್ದನಾಗಿಬಿಡುತ್ತಾನೆ. ಬಲ್ಲ ಕೈ ಮತ್ತು ಅರಿಯದ ಕೈ ಎರಡನ್ನೂ ಒಂದೇ ಪಾತ್ರದಲ್ಲಿ ಇಷ್ಟು ಸಹಜವಾಗಿ ತೋರಿಸಿದ್ದನ್ನು ಅವರ ಬೇರೆ ಯಾವ ಚಿತ್ರದಲ್ಲೂ ನಾನು ಕಂಡಿಲ್ಲ.

ಈ ಚಿತ್ರದಲ್ಲಿ ಹೊಡೆದಾಟ ಕಡಿಮೆ, ಹೊಡೆದಾಟಕ್ಕೆ ತೆರಬೇಕಾದ ಬೆಲೆಯೇ ಹೆಚ್ಚು. ಪಟ್ಟಣದ ಪುಂಡನೊಬ್ಬ ಆಮಿಶ್ ಯುವಕನ ಮುಖಕ್ಕೆ ಐಸ್‌ಕ್ರೀಮ್ ಬಳಿದಾಗ ಬುಕ್ ಬಂಡಿಯಿಂದಿಳಿದು ಆ ಪುಂಡನ ಮೂಗು ಮುರಿಯುತ್ತಾನೆ. ಮೊದಲ ಸಲ ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಎರಡನೆಯ ಸಲ ನೋಡುವಾಗ, ತನ್ನ ಸಹೋದ್ಯೋಗಿ ಸತ್ತ ಸುದ್ದಿಯನ್ನು ಬುಕ್ ಸ್ವಲ್ಪ ಮೊದಲಷ್ಟೇ ಫೋನಿನಲ್ಲಿ ಕೇಳಿದ್ದಾನೆಂಬುದು ನೆನಪಾಗುತ್ತದೆ. ಆ ಗುದ್ದು ಪುಂಡನಿಗೆ ಹಾಕಿದ್ದಲ್ಲ, ಅವನ ಮುಖ ಆ ಹೊತ್ತಿಗೆ ಅಲ್ಲಿತ್ತು ಅಷ್ಟೇ. ಅದೇ ಗುದ್ದಿನಿಂದ ಬುಕ್‌ನ ಅಡಗುತಾಣವೂ ಬಯಲಾಗುತ್ತದೆ. ಹುಡುಗನ ತಾಯಿ, ವಿಧವೆ ರೇಚಲ್ ಪಾತ್ರದಲ್ಲಿ ಕೆಲ್ಲಿ ಮೆಕ್‌ಗಿಲಿಸ್ ಇದ್ದಾರೆ. ಕಾರಿನ ರೇಡಿಯೋದಲ್ಲಿ ಹಾಡು ಬಂದಾಗ ಇಬ್ಬರೂ ಲಾಟೀನಿನ ಬೆಳಕಿನಲ್ಲಿ ಕುಣಿಯುವ ದೃಶ್ಯದಲ್ಲಿ ಫೋರ್ಡ್ ನಾಯಕನ ಠೀವಿಯನ್ನೆಲ್ಲ ಬಿಟ್ಟು ಸ್ವಲ್ಪ ನಾಚಿಕೊಂಡ ನಡುವಯಸ್ಕನಂತೆ ಕಾಣುತ್ತಾರೆ. ಎಂಟು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರ ಚಿತ್ರಕಥೆಗೆ ಮತ್ತು ಸಂಕಲನಕ್ಕೆ ಪ್ರಶಸ್ತಿ ಗೆದ್ದಿತು. ಫೋರ್ಡ್ ಅವರಿಗೆ ಇಂದಿನವರೆಗೆ ಸಿಕ್ಕ ಏಕೈಕ ಆಸ್ಕರ್ ನಾಮನಿರ್ದೇಶನವೂ ಇದೇ ಚಿತ್ರದ್ದು. ಆ ವರ್ಷ ಪ್ರಶಸ್ತಿ ವಿಲಿಯಂ ಹರ್ಟ್ ಅವರ ಪಾಲಾಯಿತು. ಕುಂದೆಂದರೆ ಖಳರ ಪಾತ್ರಗಳು. ಭ್ರಷ್ಟ ಪೊಲೀಸರಿಗೆ ಭ್ರಷ್ಟತೆಯ ಹೊರತು ಬೇರೆ ಬದುಕೇ ಇಲ್ಲ.

‘ದಿ ಫ್ಯುಜಿಟಿವ್’ ಪರವಾಗಿ ವಾದಿಸುವವರ ಬಳಿಯೂ ಬಲವಾದ ಸಾಕ್ಷ್ಯವಿದೆ. ಆಂಡ್ರ್ಯೂ ಡೇವಿಸ್ ನಿರ್ದೇಶನದ 1993ರ ಈ ಚಿತ್ರ ಜಗತ್ತಿನಾದ್ಯಂತ 36 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ಅತ್ಯುತ್ತಮ ಚಿತ್ರವೂ ಸೇರಿ ಏಳು ಆಸ್ಕರ್ ನಾಮನಿರ್ದೇಶನ ಪಡೆಯಿತು. ಹೆಂಡತಿಯನ್ನು ಕೊಂದ ಸುಳ್ಳು ಆರೋಪದಲ್ಲಿ ಮರಣದಂಡನೆಗೆ ಗುರಿಯಾದ ಶಿಕಾಗೋದ ಶಸ್ತ್ರವೈದ್ಯ ರಿಚರ್ಡ್ ಕಿಂಬಲ್ ತಪ್ಪಿಸಿಕೊಂಡು ನಿಜವಾದ ಕೊಲೆಗಾರನನ್ನು ಹುಡುಕುವ ಕಥೆ ಇದು. ರೈಲು ಅಪಘಾತವನ್ನು ನಿಜವಾದ ರೈಲು ಬಳಸಿಯೇ ಚಿತ್ರೀಕರಿಸಿದ್ದಾರೆ. ಚಿತ್ರೀಕರಣದ ವೇಳೆ ಕಾಲಿಗೆ ಪೆಟ್ಟು ಮಾಡಿಕೊಂಡ ಫೋರ್ಡ್ ಕೆಲಸ ಮುಗಿಯುವವರೆಗೆ ಶಸ್ತ್ರಚಿಕಿತ್ಸೆ ಬೇಡವೆಂದದ್ದರಿಂದ ತೆರೆಯ ಮೇಲಿನ ಕುಂಟುವಿಕೆಯೂ ನಿಜವಾದದ್ದೇ. ಅಣೆಕಟ್ಟಿನಿಂದ ಹಾರುವ ದೃಶ್ಯವನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಆಸ್ಪತ್ರೆಯ ದೃಶ್ಯ: ಕಸ ಗುಡಿಸುವವನ ವೇಷದಲ್ಲಿರುವ ಕಿಂಬಲ್ ಗಾಯಗೊಂಡ ಬಾಲಕನೊಬ್ಬನನ್ನು ತಳ್ಳಿಕೊಂಡು ಹೋಗುವಾಗ ಎಕ್ಸ್‌ರೇ ಎತ್ತಿ ನೋಡುತ್ತಾನೆ, ಲಿಫ್ಟಿನಲ್ಲಿ ಚೀಟಿಯ ಮೇಲಿನ ಆದೇಶವನ್ನೇ ತಿದ್ದುತ್ತಾನೆ, ನೇರವಾಗಿ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುತ್ತಾನೆ. ಸಿಕ್ಕಿಬೀಳುವ ಭಯವನ್ನು ವೈದ್ಯನ ಅಭ್ಯಾಸ ಮೀರಿಬಿಡುವ ಆ ಗಳಿಗೆ ಪಾತ್ರದ ಬಗ್ಗೆ ಹೇಳಬೇಕಾದ್ದೆಲ್ಲವನ್ನೂ ಹೇಳುತ್ತದೆ. ಹಾಗಿದ್ದೂ ಚಿತ್ರ ಮುಗಿದಾಗ ಮನಸ್ಸಿನಲ್ಲಿ ಉಳಿಯುವುದು ಬೆನ್ನಟ್ಟುವ ಮಾರ್ಷಲ್ ಆಗಿ ಟಾಮಿ ಲೀ ಜೋನ್ಸ್. ಆಸ್ಕರ್ ಕೂಡ ಅವರಿಗೇ ಸಂದಿತು. ಓಡುವವನಿಗಿಂತ ಅಟ್ಟಿಸಿಕೊಂಡು ಬರುವವನಿಗೆ ಒಳ್ಳೆಯ ಮಾತುಗಳು ಸಿಕ್ಕಿವೆ, ಮತ್ತು ಕೊನೆಯ ಭಾಗದ ಔಷಧ ಕಂಪನಿಯ ಸಂಚು ಅವಸರದಲ್ಲಿ ಸುತ್ತಿದ ಪೊಟ್ಟಣದಂತಿದೆ.

ವಾದದಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಹೆಸರು ‘ದಿ ಮಸ್ಕಿಟೋ ಕೋಸ್ಟ್’. ‘ವಿಟ್ನೆಸ್’ ಆದ ಮರುವರ್ಷವೇ ಅದೇ ಪೀಟರ್ ವಿಯರ್ ಜೊತೆ ಮಾಡಿದ ಈ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮಗುಚಿತು. ಪಾಲ್ ಥೆರೂ ಅವರ ಕಾದಂಬರಿ ಆಧರಿಸಿದ ಕಥೆಯಲ್ಲಿ ಫೋರ್ಡ್ ಆಲಿ ಫಾಕ್ಸ್ ಎಂಬ ಸಂಶೋಧಕ. ಅಮೆರಿಕದ ಕೊಳ್ಳುಬಾಕತನ ಕಂಡು ರೇಗಿ, ಹೆಂಡತಿ ಮಕ್ಕಳನ್ನು ಮಧ್ಯ ಅಮೆರಿಕದ ಕಾಡಿಗೆ ಕರೆದೊಯ್ದು, ಅಲ್ಲಿ ಮಂಜುಗಡ್ಡೆ ಮಾಡುವ ದೈತ್ಯ ಯಂತ್ರ ನಿಲ್ಲಿಸುತ್ತಾನೆ. ಮಂಜುಗಡ್ಡೆಯನ್ನೇ ಕಾಣದವರಿಗೆ ತೋರಿಸುವ ಹಠದಿಂದ ದೊಡ್ಡ ಗಡ್ಡೆಯೊಂದನ್ನು ಕಟ್ಟಿಸಿಕೊಂಡು ಕಾಡು ದಾಟಿ ಹೋದರೆ ಊರು ಮುಟ್ಟುವಷ್ಟರಲ್ಲಿ ಅದು ಕರಗಿಹೋಗಿರುತ್ತದೆ. ಬಾಯಿ ಮುಚ್ಚದೆ ಮಾತಾಡುವ, ಮಾತಿನ ಬಲದಿಂದಲೇ ಮನೆಮಂದಿಯನ್ನು ಕಟ್ಟಿಹಾಕುವ, ಕೊನೆಗೆ ಅಮೆರಿಕವೇ ನಾಶವಾಯಿತೆಂದು ಮಕ್ಕಳಿಗೆ ಸುಳ್ಳು ಹೇಳುವ ಈ ತಂದೆ ಫೋರ್ಡ್ ಅವರ ಉಳಿದೆಲ್ಲ ಪಾತ್ರಗಳಿಗಿಂತ ಬೇರೆ. ಇಲ್ಲಿ ಕೇಳಿಸಿಕೊಳ್ಳುವವರು ಹೆಂಡತಿಯಾಗಿ ಹೆಲೆನ್ ಮಿರೆನ್, ಹಿರಿಯ ಮಗನಾಗಿ ರಿವರ್ ಫೀನಿಕ್ಸ್. ನಂಬಿದ ನಾಯಕನ ಮುಖದಲ್ಲಿ ನಂಬಲಾಗದ ಮನುಷ್ಯನನ್ನು ನೋಡುವುದು ಆ ಕಾಲದ ಪ್ರೇಕ್ಷಕರಿಗೆ ಕಷ್ಟವಾಗಿರಬೇಕು. ಚಿತ್ರದ ಎರಡನೆಯ ಅರ್ಧ ಎಳೆದಾಡುತ್ತದೆ ಎಂಬ ದೂರು ಸರಿಯೇ, ಆದರೂ ನಟನೆಯ ಧೈರ್ಯ ಲೆಕ್ಕಕ್ಕೆ ಬಂದರೆ ನನ್ನ ಪಟ್ಟಿಯಲ್ಲಿ ಇದು ಎರಡನೆಯದು.

ಉಳಿದವುಗಳಲ್ಲಿ ರೋಮನ್ ಪೊಲಾನ್ಸ್ಕಿಯವರ ‘ಫ್ರಾಂಟಿಕ್’ (1988) ಮೊದಲ ಅರ್ಧ ಗಂಟೆಗಾಗಿಯೇ ನೋಡಬೇಕಾದ್ದು: ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಗಂಡ ಸ್ನಾನ ಮಾಡುತ್ತಿರುವಾಗ ಹೆಂಡತಿ ಏನೋ ಹೇಳುತ್ತಾಳೆ, ನೀರಿನ ಸದ್ದಿನಲ್ಲಿ ಅವನಿಗೂ ನಮಗೂ ಅದು ಕೇಳುವುದಿಲ್ಲ, ಅವಳು ಹೊರಟುಹೋಗುತ್ತಾಳೆ. ಅಲನ್ ಪಕುಲ ಅವರ ‘ಪ್ರಿಸ್ಯೂಮ್ಡ್ ಇನೊಸೆಂಟ್’ (1990) ಗಟ್ಟಿಯಾದ ನ್ಯಾಯಾಲಯದ ಕಥೆ, ಅಂತ್ಯವನ್ನು ಯಾರಿಂದಲೂ ಕೇಳದೆ ನೋಡಿ. ‘ವರ್ಕಿಂಗ್ ಗರ್ಲ್’ (1988) ಮೆಲನಿ ಗ್ರಿಫಿತ್ ಅವರ ಚಿತ್ರ. ಅಲ್ಲಿ ಫೋರ್ಡ್ ನಗಿಸಬಲ್ಲರೆಂಬುದು ತಿಳಿಯುತ್ತದೆ. ‘ಏರ್ ಫೋರ್ಸ್ ಒನ್’ (1997) ರಜಾದಿನದ ಮನರಂಜನೆ, ಅದಕ್ಕಿಂತ ಹೆಚ್ಚಿನದು ಅದರಲ್ಲಿಲ್ಲ. ‘ಕೆ-19’ (2002) ಚಿತ್ರದ ರಷ್ಯನ್ ಉಚ್ಚಾರಣೆಯನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಸಹಿಸಿಕೊಳ್ಳುವ ತಾಳ್ಮೆ ನನಗಿರಲಿಲ್ಲವಾದರೂ, ವಿಮರ್ಶೆಗೆಂದು ಪೂರ್ತಿ ನೋಡಿದೆ. ‘42’ (2013) ಚಿತ್ರದಲ್ಲಿ ಬೇಸ್‌ಬಾಲ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿಯಾಗಿ ದಪ್ಪ ಹುಬ್ಬು, ಸಿಗಾರುಗಳ ಹಿಂದೆ ಅವಿತ ಫೋರ್ಡ್ ಅವರನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು, ಅದು ಖುಷಿ ಕೊಟ್ಟಿತು.

ಹೊಸದಾಗಿ ನೋಡಹೊರಟವರು ‘ದಿ ಫ್ಯುಜಿಟಿವ್’ನಿಂದ ಆರಂಭಿಸಲಿ, ಅದು ಯಾರನ್ನೂ ನಿರಾಸೆಗೊಳಿಸುವುದಿಲ್ಲ. ‘ವಿಟ್ನೆಸ್’ ಮತ್ತು ‘ದಿ ಮಸ್ಕಿಟೋ ಕೋಸ್ಟ್’ಗಳನ್ನು ಮಾತ್ರ ಒಂದರ ಮರುದಿನ ಇನ್ನೊಂದನ್ನು, ಇದೇ ಕ್ರಮದಲ್ಲಿ ನೋಡಬೇಕು. ಮೊದಲನೆಯದರ ಕೊನೆಯಲ್ಲಿ ಬುಕ್ ಮತ್ತು ರೇಚಲ್ ಮಾತಿಲ್ಲದೆ ಎದುರುಬದುರು ನಿಂತು ಬೀಳ್ಕೊಳ್ಳುತ್ತಾರೆ. ಅವನ ಕಾರು ಮಣ್ಣಿನ ದಾರಿಯಲ್ಲಿ ಹೊರಟಾಗ, ಅವಳನ್ನು ಮದುವೆಯಾಗಬಯಸುವ ಆಮಿಶ್ ಯುವಕ ಎದುರಿನಿಂದ ನಡೆದು ಬರುತ್ತಿರುತ್ತಾನೆ. ಆ ಮೌನ ಇನ್ನೂ ಕಿವಿಯಲ್ಲಿರುವಾಗಲೇ ಮರುದಿನ ಅದೇ ನಟ ಆಲಿ ಫಾಕ್ಸ್ ಆಗಿ ಲಾರಿಯ ಸ್ಟಿಯರಿಂಗ್ ಹಿಡಿದು ಒಂದೇ ಸಮನೆ ದೇಶವನ್ನು ಬೈಯತೊಡಗುತ್ತಾನೆ.